ಸಾಗರತಳದ ಹೂಳು ಮತ್ತು ಪ್ರಾಚೀನ ಹಿಮಹಾಸುಗಳ ಚರಿತ್ರೆ

ಖಂಡದ ನೆಲವನ್ನು ಸಾವಿರಾರು ಮೀಟರ್ ದಪ್ಪಕ್ಕೆ ಮುಚ್ಚಿಕೊಂಡು, ತನ್ನ ಭಾರಕ್ಕೆ ತಾನೇ ಅಂಚುಗಳತ್ತ ಹರಿಯುವ ವಿಶಾಲ ಹಿಮರಾಶಿಯೇ ಹಿಮಹಾಸು. 50,000 ಚದರ ಕಿಲೋಮೀಟರಿಗಿಂತ ದೊಡ್ಡದಾದ ರಾಶಿಗೆ ಮಾತ್ರ ಈ ಹೆಸರು ಸಲ್ಲುತ್ತದೆ. ಇಂದು ಅಂಥವು ಉಳಿದಿರುವುದು ಅಂಟಾರ್ಕ್ಟಿಕ ಮತ್ತು ಗ್ರೀನ್‌ಲ್ಯಾಂಡ್‌ಗಳಲ್ಲಷ್ಟೆ. ಸುಮಾರು 20,000 ವರ್ಷಗಳ ಹಿಂದೆ ಕೆನಡ, ಸ್ಕ್ಯಾಂಡಿನೇವಿಯ ಹಾಗೂ ಬ್ರಿಟನ್ನಿನ ಬಹುಭಾಗ ಹಿಮದಡಿಯಲ್ಲಿದ್ದವು. 5 ಕೋಟಿ ವರ್ಷಗಳಿಗೂ ಹಿಂದೆ ಅಂಟಾರ್ಕ್ಟಿಕದ ಕರಾವಳಿಯಲ್ಲಿ ತಾಳೆ ಜಾತಿಯ ಮರಗಳು ಬೆಳೆಯುತ್ತಿದ್ದವು. ಈ ಎರಡು ತುದಿಗಳ ನಡುವೆ ಹಿಮ ಯಾವಾಗ ಬಂತು, ಎಷ್ಟಿತ್ತು, ಎಲ್ಲಿಯವರೆಗೆ ಹಬ್ಬಿತ್ತು, ಎಷ್ಟು ಬೇಗ ಹಿಂದೆ ಸರಿಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಬಹುಪಾಲು ದೊರೆತದ್ದು ಕಡಲ ತಳದ ಹೂಳಿನಲ್ಲಿ. ಹಿಮದಿಂದ ಬಹುದೂರದ ಆಳಸಾಗರದ ಹೂಳು ಜಗತ್ತಿನಲ್ಲಿ ಒಟ್ಟು ಹಿಮ ಎಷ್ಟಿತ್ತೆಂದು ತಿಳಿಸುತ್ತದೆ. ಹಿಮದಂಚಿನ ಹೂಳು ಅದು ಎಲ್ಲಿತ್ತೆಂದು ತಿಳಿಸುತ್ತದೆ. ಒಂದು ಸಾಕ್ಷ್ಯವನ್ನು ಇನ್ನೊಂದರಿಂದ ತಿದ್ದಿಕೊಳ್ಳುತ್ತ ಎರಡನ್ನೂ ಕೂಡಿಸಿ ಓದುವುದೇ ಈ ಅಧ್ಯಯನದ ತಿರುಳು.

ಕಡಲ ತಳವೇ ಏಕೆ?

ಹಿಮಹಾಸು ತಾನು ನಡೆದ ದಾರಿಯ ಗುರುತನ್ನು ತಾನೇ ಅಳಿಸುತ್ತದೆ. ಮುಂದೊತ್ತಿದಾಗಲೆಲ್ಲ ಹಿಂದಿನ ಸಲ ಬಿಟ್ಟುಹೋದ ಕಲ್ಲುಮಣ್ಣನ್ನು ಉಜ್ಜಿ, ಕಿತ್ತು, ಅಂಚಿಗೆ ತಳ್ಳುತ್ತದೆ. ಆದ್ದರಿಂದ ನೆಲದ ಮೇಲೆ ಉಳಿಯುವುದು ಕೊನೆಯ ಕೆಲವು ಅಧ್ಯಾಯಗಳು ಮಾತ್ರ. ಆಲ್ಬ್ರೆಕ್ಟ್ ಪೆಂಕ್ ಮತ್ತು ಎಡ್ವರ್ಡ್ ಬ್ರೂಕ್ನರ್ ಆಲ್ಪ್ಸ್ ಪರ್ವತದ ತಪ್ಪಲಿನ ಜಲ್ಲಿಮಟ್ಟಗಳನ್ನು ಪರಿಶೀಲಿಸಿ, 20ನೆಯ ಶತಮಾನದ ಆರಂಭದಲ್ಲಿ ನಾಲ್ಕು ಹಿಮಾವಧಿಗಳನ್ನು ಗುರುತಿಸಿದ್ದರು. ಅರ್ಧ ಶತಮಾನದವರೆಗೂ ಆ ನಾಲ್ಕೇ ಪಾಠಪುಸ್ತಕಗಳಲ್ಲಿ ಉಳಿದವು. ಕಡಲ ತಳವನ್ನು ಕೊರೆದ ಬಳಿಕ ಅಂಥ ಆವರ್ತಗಳು ಹತ್ತಾರು ಇದ್ದವೆಂಬುದು ಗೊತ್ತಾಯಿತು.

ಹಿಮಹಾಸಿನೊಳಗಿಂದಲೇ ಕೊರೆದು ತೆಗೆದ ಹಿಮಕಂಬಗಳೂ ಅಮೂಲ್ಯ ದಾಖಲೆಗಳೇ. ಅವುಗಳಲ್ಲಿ ಸೆರೆಯಾದ ಗಾಳಿಗುಳ್ಳೆಗಳು ಹಳೆಯ ವಾತಾವರಣವನ್ನೇ ನಮ್ಮ ಕೈಗೆ ಕೊಡುತ್ತವೆ. ಆದರೆ ಅವುಗಳ ಆಯಸ್ಸು ಚಿಕ್ಕದು. ಅಂಟಾರ್ಕ್ಟಿಕದ ಡೋಮ್ ಸಿ ನೆಲೆಯ ಪ್ರಸಿದ್ಧ ಕಂಬ 8 ಲಕ್ಷ ವರ್ಷ ಹಿಂದಕ್ಕೆ ಹೋಗುತ್ತದೆ. 2025ರ ಆರಂಭದಲ್ಲಿ ಐರೋಪ್ಯ ತಂಡವೊಂದು ಕೊರೆದು ಮುಗಿಸಿದ ಕಂಬ ಸುಮಾರು 12 ಲಕ್ಷ ವರ್ಷಗಳನ್ನು ಮುಟ್ಟಿದೆ. ಅಂಟಾರ್ಕ್ಟಿಕದ ಹಿಮಹಾಸಿನ ವಯಸ್ಸಾದರೋ ಸುಮಾರು 3.4 ಕೋಟಿ ವರ್ಷ. ಉಳಿದ ಕಾಲದ ಕಥೆಗೆ ಸಮುದ್ರವೇ ಗತಿ. ಅಲ್ಲಿ ಹೂಳು ಸಾವಿರ ವರ್ಷಕ್ಕೆ ಕೆಲವು ಮಿಲಿಮೀಟರಿನಿಂದ ಕೆಲವು ಸೆಂಟಿಮೀಟರಿನಷ್ಟು ನಿಧಾನವಾಗಿ, ಬಹುಮಟ್ಟಿಗೆ ಅಡೆತಡೆಯಿಲ್ಲದೆ ಶೇಖರವಾಗುತ್ತದೆ.

ಸಾಗರತಳವೂ ಶಾಶ್ವತವಲ್ಲ. ಭೂಫಲಕಗಳ ಚಲನೆಯಿಂದ ಹಳೆಯ ತಳ ಭೂಗರ್ಭಕ್ಕೆ ಜಾರಿಹೋಗುವುದರಿಂದ, ಇಂದಿನ ಆಳಸಾಗರದ ತಳದಲ್ಲಿ ಸುಮಾರು 18–20 ಕೋಟಿ ವರ್ಷಕ್ಕಿಂತ ಹಳೆಯ ಭಾಗ ಬಹಳ ಅಪರೂಪ. ಅದಕ್ಕೂ ಹಿಂದಿನ ಹಿಮಯುಗಗಳನ್ನು ಈಗ ನೆಲದ ಮೇಲಿರುವ ಪುರಾತನ ಪದರಶಿಲೆಗಳಲ್ಲಿ ಹುಡುಕಬೇಕಾಗುತ್ತದೆ. ಒಡಿಶಾದ ತಾಲ್ಚೇರ್ ಬಳಿಯ ಬಂಡೆಗಲ್ಲಿನ ಪದರವನ್ನು ಹಿಮದ ಕೆಲಸವೆಂದು ಬ್ಲ್ಯಾನ್‌ಫೋರ್ಡ್ ಸಹೋದರರು ಮತ್ತು ಥಿಯೋಬಾಲ್ಡ್ 1856ರಲ್ಲೇ ಸೂಚಿಸಿದ್ದರು. ಸುಮಾರು 30 ಕೋಟಿ ವರ್ಷಗಳ ಹಿಂದೆ ಗೊಂಡ್ವಾನ ಖಂಡವನ್ನು ಕವಿದಿದ್ದ ಹಿಮದ ಕುರುಹು ಅದು.

ಅಧ್ಯಯನದ ಬೆಳವಣಿಗೆ

1872ರಿಂದ 1876ರವರೆಗೆ ಜಗತ್ತಿನ ಸಾಗರಗಳನ್ನು ಸುತ್ತಿದ ಬ್ರಿಟನ್ನಿನ ಚಾಲೆಂಜರ್ ಹಡಗು ದಕ್ಷಿಣ ಸಾಗರದ ತಳದಿಂದ ಖಂಡದ ಶಿಲೆಯ ತುಣುಕುಗಳನ್ನು ಎತ್ತಿ ತಂದಿತು. ಯಾರೂ ಕಾಲಿಡದ ನೆಲವೊಂದರ ಕಲ್ಲುಗಳನ್ನು ತೇಲುವ ಹಿಮಬಂಡೆಗಳು ಅಲ್ಲಿಗೆ ಹೊತ್ತು ತಂದಿದ್ದವು. ಹೂಳನ್ನು ಪದರ ಕೆಡದಂತೆ ಉದ್ದನೆಯ ಕಂಬವಾಗಿ ಎತ್ತುವ ಪಿಸ್ಟನ್ ಕೊಳವೆಯನ್ನು ಸ್ವೀಡನ್ನಿನ ಬೋರ್ಯೆ ಕುಲ್ಲೆನ್‌ಬರ್ಗ್ 1940ರ ದಶಕದಲ್ಲಿ ರೂಪಿಸಿದ ಮೇಲೆ ಈ ಅಧ್ಯಯನ ವಿಜ್ಞಾನವಾಗಿ ನೆಲೆಗೊಂಡಿತು. ಹೀಗೆ ಎತ್ತಿದ ಕಂಬಕ್ಕೆ ಕೋರ್ ಎಂದು ಹೆಸರು.

1968ರಲ್ಲಿ ಆರಂಭವಾದ ಆಳಸಾಗರ ಕೊರೆತ ಯೋಜನೆಯ ಗ್ಲೋಮರ್ ಚಾಲೆಂಜರ್ ಹಡಗು ಕೊಳವೆ ಮುಟ್ಟದ ಆಳದ ಪದರಗಳನ್ನೂ ಕೊರೆಯಬಲ್ಲದಾಗಿತ್ತು. 1972–73ರ ಬೇಸಿಗೆಯಲ್ಲಿ ಅದು ಅಂಟಾರ್ಕ್ಟಿಕದ ರಾಸ್ ಸಮುದ್ರಕ್ಕೆ ಹೋಗಿ ತಂದ ಕೋರ್‌ಗಳು, ಅಲ್ಲಿನ ಹಿಮಕ್ಕೆ 2 ಕೋಟಿ ವರ್ಷಕ್ಕೂ ಮಿಕ್ಕ ವಯಸ್ಸಿದೆಯೆಂದು ತೋರಿಸಿದವು. ಹಿಮಯುಗವೆಂದರೆ ಕಳೆದ ಇಪ್ಪತ್ತು ಲಕ್ಷ ವರ್ಷಗಳ ಮಾತು ಎಂಬ ಅಂದಿನ ತಿಳಿವಳಿಕೆಯನ್ನು ಈ ಒಂದು ಯಾನ ಬದಲಿಸಿತು. ಬಳಿಕ ಜಾಯ್ಡಿಸ್ ರೆಸೊಲ್ಯೂಷನ್ ಹಡಗು 1985ರಿಂದ 2024ರವರೆಗೆ ವೆಡೆಲ್ ಸಮುದ್ರ, ಪ್ರಿಡ್ಜ್ ಕೊಲ್ಲಿ, ವಿಲ್ಕ್ಸ್ ಲ್ಯಾಂಡ್, ರಾಸ್ ಸಮುದ್ರ, ಅಮುಂಡ್ಸನ್ ಸಮುದ್ರಗಳಲ್ಲಿ ಕೊರೆಯಿತು. ಹಡಗು ಹೋಗಲಾರದ ಕಡೆ ಹಿಮವನ್ನೇ ವೇದಿಕೆಯಾಗಿ ಬಳಸಿದವರೂ ಉಂಟು: 1997–99ರ ಕೇಪ್ ರಾಬರ್ಟ್ಸ್ ಯೋಜನೆ ಸಮುದ್ರದ ಹೆಪ್ಪುಗಟ್ಟಿದ ಮೇಲ್ಮೈಯ ಮೇಲೆ ಯಂತ್ರ ನಿಲ್ಲಿಸಿತು, 2006ರಲ್ಲಿ ಆಂಡ್ರಿಲ್ ಯೋಜನೆ ಮೆಕ್ಮರ್ಡೊ ಬಳಿಯ ತೇಲುವ ಹಿಮಚಾಚನ್ನು ತೂತುಮಾಡಿ, ಅದರಡಿಯ 800 ಮೀಟರಿಗೂ ಮಿಕ್ಕ ನೀರನ್ನು ದಾಟಿ, ತಳದೊಳಕ್ಕೆ 1,285 ಮೀಟರ್ ಕೊರೆಯಿತು.

ಹಿಮದಂಚಿನ ಹೂಳಿನ ಬಗೆಗಳು

ಹಿಮಹಾಸು ಸಮುದ್ರಕ್ಕೆ ಇಳಿದಾಗ ಒಂದು ಮಿತಿಯವರೆಗೆ ತಳಕ್ಕೆ ಒರಗಿಕೊಂಡೇ ಸಾಗಿ, ನೀರು ಆಳವಾದ ಕಡೆ ತಳ ಬಿಟ್ಟು ತೇಲತೊಡಗುತ್ತದೆ. ಈ ಗಡಿಗೆ ತಳಸ್ಪರ್ಶ ರೇಖೆ ಎನ್ನಬಹುದು. ಅದರಾಚೆ ತೇಲುವ ಭಾಗವೇ ಹಿಮಚಾಚು. ತಳಸ್ಪರ್ಶ ರೇಖೆ ಹಿಂದೆ ಮುಂದೆ ಸರಿದಂತೆಲ್ಲ ಒಂದೇ ಜಾಗದಲ್ಲಿ ಬೀಳುವ ಹೂಳಿನ ಸ್ವಭಾವ ಬದಲಾಗುತ್ತದೆ. ಕೋರ್ ಓದುವವರು ಮೊದಲು ನೋಡುವುದು ಇದನ್ನೇ.

ಹಿಮ ತಳಕ್ಕೆ ಒತ್ತಿಕೊಂಡಿದ್ದಾಗ ಜೇಡಿಯಿಂದ ಹಿಡಿದು ಬಂಡೆಗಲ್ಲಿನವರೆಗೆ ಎಲ್ಲ ಗಾತ್ರದ ಕಣಗಳೂ ವಿಂಗಡವಾಗದೆ ಕಲಸಿಹೋದ ಗಟ್ಟಿ ರಾಶಿ ಉಂಟಾಗುತ್ತದೆ. ಇದೇ ಡಯಾಮಿಕ್ಟ್. ಇದರೊಳಗಿನ ಕಲ್ಲುಗಳ ಮೈಮೇಲೆ ಉಜ್ಜಿದ ಗೀರುಗಳಿರುತ್ತವೆ. ರೇಖೆ ಸ್ವಲ್ಪ ಹಿಂದೆ ಸರಿದರೆ, ಕರಗಿದ ನೀರು ಹೊತ್ತು ತಂದ ನಯವಾದ ಮಣ್ಣು ತೆಳುಪದರಗಳಾಗಿ ಕೂರುತ್ತದೆ. ನಡುನಡುವೆ ಮೇಲಿಂದ ಬಿದ್ದ ಕಲ್ಲೊಂದು ಕೆಳಗಿನ ಪದರಗಳನ್ನು ತಗ್ಗಿಸಿ ಕುಳಿತಿರುತ್ತದೆ. ಹಿಮ ಪೂರ್ತಿ ಸರಿದು ತೆರೆದ ನೀರಿಗೆ ಬಿಸಿಲು ತಾಗಿದಾಗ ಡಯಾಟಮ್ ಎಂಬ ಏಕಕೋಶ ಪಾಚಿಗಳು ಹುಲುಸಾಗಿ ಬೆಳೆದು, ಅವುಗಳ ಸಿಲಿಕಾ ಕವಚಗಳಿಂದಲೇ ತಿಳಿಬಣ್ಣದ ಪದರವಾಗುತ್ತದೆ.

ಆಂಡ್ರಿಲ್ ಕೋರ್‌ನಲ್ಲಿ ಡಯಾಮಿಕ್ಟ್ ಮತ್ತು ಡಯಾಟಮ್ ಪದರಗಳು ಮತ್ತೆ ಮತ್ತೆ ಸರದಿಯಂತೆ ಬರುತ್ತವೆ. ಟಿಮ್ ನೈಶ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಪ್ಲಯೊಸೀನ್ ಯುಗದಲ್ಲಿ ಈ ಸರದಿಯ ಅಂತರ ಸುಮಾರು 40,000 ವರ್ಷ. ಭೂಮಿಯ ಅಕ್ಷದ ಓರೆ ಹೆಚ್ಚು ಕಡಿಮೆಯಾಗುವ ಆವರ್ತವೂ ಅಷ್ಟೇ. ರಾಸ್ ಸಮುದ್ರವನ್ನು ತುಂಬಿದ್ದ ಪಶ್ಚಿಮ ಅಂಟಾರ್ಕ್ಟಿಕದ ಹಿಮ ಹಲವು ಬಾರಿ ಕುಸಿದು, ಅಲ್ಲಿ ತೆರೆದ ಕಡಲು ಕಾಣಿಸಿಕೊಂಡಿತ್ತೆಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಅದುವರೆಗೆ ಸಿಕ್ಕಿರಲಿಲ್ಲ.

ಆಮ್ಲಜನಕದ ಸಾಕ್ಷ್ಯ

ಒಟ್ಟು ಹಿಮದ ಅಳತೆ ದೊರೆಯುವುದು ಹಿಮವನ್ನೇ ಕಾಣದ ಉಷ್ಣವಲಯದ ಸಾಗರಗಳಲ್ಲೂ ಸಿಗುವ ಫೊರಾಮಿನಿಫೆರಗಳೆಂಬ ಏಕಕೋಶ ಜೀವಿಗಳ ಸುಣ್ಣದ ಚಿಪ್ಪುಗಳಲ್ಲಿ. ನೀರಿನ ಆಮ್ಲಜನಕದಲ್ಲಿ ಬಹುಪಾಲು ಹಗುರವಾದ ಆಮ್ಲಜನಕ-16. ಸುಮಾರು 500 ಪರಮಾಣುಗಳಿಗೆ ಒಂದರಂತೆ ಭಾರವಾದ ಆಮ್ಲಜನಕ-18 ಇರುತ್ತದೆ. ಹಗುರ ಆಮ್ಲಜನಕವುಳ್ಳ ನೀರು ಸುಲಭವಾಗಿ ಆವಿಯಾಗುತ್ತದೆ. ಆ ಆವಿ ಧ್ರುವದತ್ತ ಸಾಗುವಾಗ ಭಾರದ ಅಂಶ ಮಳೆಯಾಗಿ ದಾರಿಯಲ್ಲೇ ಉದುರುತ್ತದೆ. ಹೀಗಾಗಿ ಧ್ರುವದ ಹಿಮದಲ್ಲಿ ಹಗುರ ಆಮ್ಲಜನಕವೇ ಹೆಚ್ಚು. ಹಿಮಹಾಸು ಬೆಳೆದಷ್ಟೂ ಹಗುರ ಆಮ್ಲಜನಕ ನೆಲದ ಮೇಲೆ ಸೆರೆಯಾಗಿ, ಉಳಿದ ಕಡಲ ನೀರಿನಲ್ಲಿ ಭಾರದ ಅಂಶದ ಪ್ರಮಾಣ ಏರುತ್ತದೆ. ಆ ನೀರಿನಲ್ಲಿ ಬೆಳೆದ ಚಿಪ್ಪು ಅದೇ ಅನುಪಾತವನ್ನು ಉಳಿಸಿಕೊಳ್ಳುತ್ತದೆ.

ಇಲ್ಲಿ ಒಂದು ತೊಡಕಿದೆ. ನೀರು ತಣ್ಣಗಾದರೂ ಚಿಪ್ಪಿನಲ್ಲಿ ಭಾರದ ಆಮ್ಲಜನಕ ಹೆಚ್ಚುತ್ತದೆ. ಹೆರಾಲ್ಡ್ ಯೂರಿ 1947ರಲ್ಲಿ ಈ ತತ್ತ್ವವನ್ನು ಮುಂದಿಟ್ಟದ್ದು ಹಳೆಯ ಸಾಗರಗಳ ಉಷ್ಣತೆ ಅಳೆಯುವುದಕ್ಕಾಗಿಯೇ. ಆತನ ಬಳಿ ಪಳಗಿದ ಚೆಸಾರೆ ಎಮಿಲಿಯಾನಿ 1955ರಲ್ಲಿ ಆಳಸಾಗರದ ಕೋರ್‌ಗಳನ್ನು ಪರಿಶೀಲಿಸಿ, ಅಲ್ಲಿ ಕಂಡ ಏರಿಳಿತಗಳಲ್ಲಿ ಹೆಚ್ಚಿನ ಪಾಲು ಉಷ್ಣತೆಯದೆಂದು ಬರೆದರು. ಕೇಂಬ್ರಿಡ್ಜಿನ ನಿಕೊಲಸ್ ಶ್ಯಾಕಲ್ಟನ್ 1967ರಲ್ಲಿ ಇದನ್ನು ತಿದ್ದಿದರು. ಮೇಲ್ಮೈಯಲ್ಲಿ ಬದುಕುವ ಜೀವಿಗಳ ಚಿಪ್ಪಿನಲ್ಲೂ ತಳದಲ್ಲಿ ಬದುಕುವವುಗಳ ಚಿಪ್ಪಿನಲ್ಲೂ ಏರಿಳಿತ ಹೆಚ್ಚುಕಡಿಮೆ ಸಮನಾಗಿತ್ತು. ಆಳದ ನೀರು ಇಂದೇ ಹೆಪ್ಪುಗಟ್ಟುವಷ್ಟು ತಣ್ಣಗಿರುವಾಗ ಹಿಮಯುಗದಲ್ಲಿ ಅದು ಇನ್ನೆಷ್ಟು ತಣ್ಣಗಾಗಲು ಸಾಧ್ಯ? ಹಾಗಾಗಿ ಬದಲಾವಣೆಯ ದೊಡ್ಡ ಪಾಲು ಹಿಮದ ಗಾತ್ರದ್ದೇ ಆಗಿರಬೇಕು ಎಂಬುದು ಅವರ ವಾದ. ಉಷ್ಣತೆಯ ಪಾಲು ಶ್ಯಾಕಲ್ಟನ್ ಎಣಿಸಿದ್ದಕ್ಕಿಂತ ತುಸು ಹೆಚ್ಚೆಂದು ಆಮೇಲೆ ತಿಳಿದುಬಂದರೂ ತಳಹದಿ ಉಳಿದುಕೊಂಡಿದೆ. ಈಗ ಅದೇ ಚಿಪ್ಪುಗಳಲ್ಲಿನ ಮೆಗ್ನೀಸಿಯಮ್ ಮತ್ತು ಕ್ಯಾಲ್ಸಿಯಮ್‌ಗಳ ಅನುಪಾತದಿಂದ ಉಷ್ಣತೆಯನ್ನು ಬೇರೆಯಾಗಿ ಅಂದಾಜಿಸಿ, ಆ ಪಾಲನ್ನು ಕಳೆದು ಹಿಮದ ಪಾಲನ್ನು ಪಡೆಯುತ್ತಾರೆ.

ಜೇಮ್ಸ್ ಹೇಸ್, ಜಾನ್ ಇಂಬ್ರಿ ಮತ್ತು ಶ್ಯಾಕಲ್ಟನ್ 1976ರಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದ ಮೈಲಿಗಲ್ಲು. ದಕ್ಷಿಣ ಹಿಂದೂ ಮಹಾಸಾಗರದ ಎರಡು ಕೋರ್‌ಗಳಲ್ಲಿ ಸುಮಾರು 4.5 ಲಕ್ಷ ವರ್ಷಗಳ ಏರಿಳಿತವನ್ನು ವಿಶ್ಲೇಷಿಸಿದಾಗ ಸುಮಾರು 1 ಲಕ್ಷ, 41,000 ಮತ್ತು 23,000 ವರ್ಷಗಳ ಲಯಗಳು ಎದ್ದು ಕಂಡವು. ಭೂಕಕ್ಷೆಯ ದೀರ್ಘವೃತ್ತತೆ, ಅಕ್ಷದ ಓರೆ ಮತ್ತು ಅಯನ ಚಲನೆ ಎಂಬ ಮೂರು ಖಗೋಳ ಆವರ್ತಗಳ ಕಾಲಮಾನವೂ ಇದೇ. ಈ ಆವರ್ತಗಳೇ ಹಿಮಾವಧಿಗಳನ್ನು ನಡೆಸುತ್ತವೆಂದು ಸೆರ್ಬಿಯದ ಮಿಲುಟಿನ್ ಮಿಲಾಂಕೊವಿಚ್ ಕಾಗದದ ಮೇಲೆ ಲೆಕ್ಕಹಾಕಿದ್ದಕ್ಕೆ ಕಡಲ ಹೂಳು ಹೀಗೆ ಸಾಕ್ಷಿ ನುಡಿಯಿತು. ಲೊರೇನ್ ಲಿಸಿಯೆಕಿ ಮತ್ತು ಮೊರೀನ್ ರೇಮೊ 2005ರಲ್ಲಿ ಜಗತ್ತಿನ 57 ಕಡೆಗಳ ದಾಖಲೆಗಳನ್ನು ಒಗ್ಗೂಡಿಸಿ 53 ಲಕ್ಷ ವರ್ಷಗಳ ಒಂದೇ ವಕ್ರರೇಖೆಯನ್ನು ಕಟ್ಟಿದರು. ಇಂದು ಹಿಮಯುಗದ ಬಗೆಗೆ ಕೆಲಸ ಮಾಡುವವರೆಲ್ಲರಿಗೂ ಅದು ಸಾಮಾನ್ಯ ಪಂಚಾಂಗ. ಬೆಚ್ಚನೆಯ ಹಂತಗಳಿಗೆ ಬೆಸ ಸಂಖ್ಯೆ, ಹಿಮದ ಹಂತಗಳಿಗೆ ಸಮ ಸಂಖ್ಯೆ ಕೊಡುವುದು ರೂಢಿ. ನಾವಿರುವುದು ಒಂದನೆಯ ಹಂತದಲ್ಲಿ.

ಹಿಮಬಂಡೆಗಳು ಹೊತ್ತ ಕಲ್ಲುಗಳು

ಆಮ್ಲಜನಕದ ವಕ್ರರೇಖೆ ಹಿಮ ಯಾವ ಖಂಡದ್ದೆಂದು ಹೇಳಲಾರದು. ಗ್ರೀನ್‌ಲ್ಯಾಂಡಿನ ಹಿಮವೂ ಅಂಟಾರ್ಕ್ಟಿಕದ ಹಿಮವೂ ಅದರಲ್ಲಿ ಒಂದೇ ಮೊತ್ತವಾಗಿ ಕೂಡಿಹೋಗುತ್ತವೆ. ಆ ಕೊರತೆಯನ್ನು ತುಂಬುವುದು ತೇಲುವ ಹಿಮಬಂಡೆಗಳು ಹೊತ್ತು ತಂದ ಕಲ್ಲು ಮತ್ತು ಮರಳು. ಗಾಳಿಯಾಗಲಿ ಆಳದ ಪ್ರವಾಹವಾಗಲಿ ದಪ್ಪ ಮರಳನ್ನು ನಡುಗಡಲಿಗೆ ಒಯ್ಯಲಾರವು. ಹಾಗಾಗಿ ಆಳಸಾಗರದ ನಯವಾದ ಹೂಳಿನ ನಡುವೆ 0.15 ಮಿಲಿಮೀಟರಿಗಿಂತ ದೊಡ್ಡ ಸ್ಫಟಿಕಶಿಲೆಯ ಕಣಗಳು ಸಿಕ್ಕರೆ, ಸಮುದ್ರಕ್ಕೆ ಇಳಿಯುತ್ತಿದ್ದ ಹಿಮ ಎಲ್ಲೋ ಇದ್ದಿರಲೇಬೇಕು.

ಜರ್ಮನಿಯ ಹಾರ್ಟ್‌ಮುಟ್ ಹೈನ್ರಿಖ್ 1988ರಲ್ಲಿ ಈಶಾನ್ಯ ಅಟ್ಲಾಂಟಿಕದ ಕೋರ್‌ಗಳಲ್ಲಿ ಇಂಥ ಕಣಗಳು ಕಿಕ್ಕಿರಿದು, ಫೊರಾಮಿನಿಫೆರಗಳು ವಿರಳವಾದ ಪದರಗಳನ್ನು ವಿವರಿಸಿದರು. ಇವುಗಳಿಗೆ ಈಗ ಅವರ ಹೆಸರೇ ಇದೆ. ಕಳೆದ ಹಿಮಾವಧಿಯ ಆರು ಮುಖ್ಯ ಪದರಗಳು ಸುಮಾರು 60,000ದಿಂದ 16,000 ವರ್ಷಗಳ ಹಿಂದಿನವರೆಗಿನ ಅವಧಿಗೆ ಸೇರುತ್ತವೆ. ಪದರಗಳಲ್ಲಿನ ಸುಣ್ಣಕಲ್ಲು ಮತ್ತು ಡಾಲಮೈಟ್ ಕಣಗಳು ಕೆನಡದ ಹಡ್ಸನ್ ಕೊಲ್ಲಿ ಪ್ರದೇಶದವು. ಪಶ್ಚಿಮಕ್ಕೆ, ಆ ಕೊಲ್ಲಿಯ ಬಾಯಿಯತ್ತ ಹೋದಂತೆ ಪದರಗಳು ದಪ್ಪವಾಗುತ್ತವೆ. ಉತ್ತರ ಅಮೆರಿಕವನ್ನು ಮುಚ್ಚಿದ್ದ ಲಾರೆಂಟೈಡ್ ಹಿಮಹಾಸು ಆಗಾಗ ಹಡ್ಸನ್ ಜಲಸಂಧಿಯ ಮೂಲಕ ಅಪಾರ ಸಂಖ್ಯೆಯ ಹಿಮಬಂಡೆಗಳನ್ನು ಕಡಲಿಗೆ ಸುರಿಯಿತೆಂದೂ, ಅವು ಕರಗಿದ ಸಿಹಿನೀರು ಅಟ್ಲಾಂಟಿಕದ ಪ್ರವಾಹಗಳನ್ನು ಕುಂದಿಸಿತೆಂದೂ ಇದರಿಂದ ತಿಳಿಯಿತು. ದೊಡ್ಡ ಹಿಮಹಾಸು ನಿಧಾನವಾಗಿ ಮಾತ್ರ ಬದಲಾಗುತ್ತದೆಂಬ ನಂಬಿಕೆ ಅಲ್ಲಿಗೆ ಮುರಿಯಿತು.

ಕಣಗಳ ತವರನ್ನು ಪತ್ತೆಮಾಡುವ ವಿಧಾನಗಳು ಇಂದು ಬಹಳ ಸೂಕ್ಷ್ಮವಾಗಿವೆ. ಹಾರ್ನ್‌ಬ್ಲೆಂಡ್ ಖನಿಜದ ವಯಸ್ಸನ್ನು ಆರ್ಗಾನ್ ವಿಧಾನದಿಂದಲೂ, ಜಿರ್ಕಾನ್ ಹರಳಿನದನ್ನು ಯುರೇನಿಯಂ–ಸೀಸದ ವಿಧಾನದಿಂದಲೂ ಅಳೆದು ಖಂಡದ ಶಿಲೆಗಳೊಂದಿಗೆ ತಾಳೆನೋಡುತ್ತಾರೆ. ನಯವಾದ ಮಣ್ಣಿನಲ್ಲಿ ನಿಯೋಡಿಮಿಯಮ್ ಐಸೋಟೋಪುಗಳ ಅನುಪಾತ ಅದೇ ಕೆಲಸ ಮಾಡುತ್ತದೆ. ಕ್ಯಾರಿಸ್ ಕುಕ್ ಮತ್ತು ಸಂಗಡಿಗರು 2013ರಲ್ಲಿ ವಿಲ್ಕ್ಸ್ ಲ್ಯಾಂಡ್ ಆಚೆಯ ಹೂಳನ್ನು ಹೀಗೆ ಪರೀಕ್ಷಿಸಿ, 53 ಲಕ್ಷದಿಂದ 33 ಲಕ್ಷ ವರ್ಷಗಳ ಹಿಂದಿನವರೆಗಿನ ಬೆಚ್ಚನೆಯ ಅವಧಿಗಳಲ್ಲಿ ಪೂರ್ವ ಅಂಟಾರ್ಕ್ಟಿಕದ ಒಳನಾಡಿನ ತಗ್ಗೊಂದರ ಶಿಲೆ ಸವೆದು ಕಡಲಿಗೆ ಬಂದಿರುವುದನ್ನು ತೋರಿಸಿದರು. ಆ ಶಿಲೆ ಇಂದು ಹಿಮಹಾಸಿನ ಒಡಲಡಿ ಹುದುಗಿದೆ. ಅದು ಸವೆದು ಬರಬೇಕಾದರೆ ಹಿಮದ ಅಂಚು ಆಗ ನೂರಾರು ಕಿಲೋಮೀಟರ್ ಒಳಕ್ಕೆ ಸರಿದಿರಬೇಕು.

ತಳದ ಮೇಲಿನ ಗುರುತುಗಳು

ಕೋರ್ ಒಂದು ಬಿಂದುವಿನ ಕಥೆ. ಅದರ ಸುತ್ತಲಿನ ಹರಹನ್ನು ತೋರಿಸುವುದು ಹಡಗಿನಿಂದ ಶಬ್ದತರಂಗಗಳನ್ನು ಬೀಸಿ ತಳದ ಏರುತಗ್ಗನ್ನು ಅಳೆಯುವ ಸೋನಾರ್. ಅಂಟಾರ್ಕ್ಟಿಕದ ಸುತ್ತಲಿನ ಖಂಡಾವರಣ ಪ್ರದೇಶ ಸರಾಸರಿ ಸುಮಾರು 500 ಮೀಟರ್ ಆಳವಿದ್ದು, ಬೇರೆಡೆಗಳಂತೆ ಹೊರಕ್ಕೆ ಇಳಿಯದೆ ಹಲವೆಡೆ ಒಳನಾಡಿನತ್ತ ಇಳಿಯುತ್ತದೆ. ಹಿಮ ಕೊರೆದ ಫಲವಿದು. ಆ ತಳದಲ್ಲಿ ವೇಗವಾಗಿ ಹರಿದ ಹಿಮ ಎಳೆದ ಕಿಲೋಮೀಟರುಗಟ್ಟಲೆ ಉದ್ದದ ಸಮಾನಾಂತರ ಏಣುಗಳು, ತಳಸ್ಪರ್ಶ ರೇಖೆ ಬಹುಕಾಲ ನಿಂತ ಕಡೆ ಗುಡ್ಡೆಯಾದ ಹೂಳು, ತೇಲುವ ಹಿಮಬಂಡೆಗಳ ಅಡಿ ತಾಗಿ ಮೂಡಿದ ಸಾಲುಗಳು ಸ್ಪಷ್ಟವಾಗಿ ಕಾಣುತ್ತವೆ.

ಇವುಗಳಲ್ಲಿ ಅತಿ ಸೂಕ್ಷ್ಮವಾದವು ಭರತ ಇಳಿತಕ್ಕೆ ತಕ್ಕಂತೆ ಹಿಮ ಎದ್ದು ಕುಳಿತು ಒತ್ತಿದ ಪುಟ್ಟ ಏಣುಗಳು. ಒಂದೊಂದು ಏಣೂ ಒಂದೊಂದು ಇಳಿತದ ಗುರುತಾದ್ದರಿಂದ ಅವುಗಳ ನಡುವಣ ಅಂತರವೇ ಹಿಮ ಸರಿದ ವೇಗ. ಅಂಟಾರ್ಕ್ಟಿಕ ಪರ್ಯಾಯದ್ವೀಪದ ಪೂರ್ವಕ್ಕೆ ಲಾರ್ಸನ್ ಪ್ರದೇಶದಲ್ಲಿ ಇಂಥ ಏಣುಗಳನ್ನು ಅಳೆದ ಜೂಲಿಯನ್ ಡೌಡ್ಸ್‌ವೆಲ್ ತಂಡ, ಕಳೆದ ಹಿಮಾವಧಿಯ ಬಳಿಕ ಅಲ್ಲಿ ಹಿಮದಂಚು ದಿನಕ್ಕೆ 40–50 ಮೀಟರ್ ವೇಗದಲ್ಲಿ ಹಿಂದೆ ಸರಿದ ಘಟ್ಟಗಳಿದ್ದವೆಂದು 2020ರಲ್ಲಿ ತಿಳಿಸಿತು. ಉಪಗ್ರಹಗಳು ಅಲ್ಲಿಯವರೆಗೆ ಅಳೆದಿದ್ದ ವೇಗಗಳನ್ನು ಇದು ಬಹಳ ಮೀರಿತ್ತು.

ಕಾಲನಿರ್ಣಯ

ವಯಸ್ಸು ತಿಳಿಯದ ಪದರ ಚರಿತ್ರೆಯಾಗದು. 50,000 ವರ್ಷಗಳವರೆಗೆ ರೇಡಿಯೊಕಾರ್ಬನ್ ನೆರವಾಗುತ್ತದೆ. ಆದರೆ ಅಂಟಾರ್ಕ್ಟಿಕದ ನೀರಿನಲ್ಲಿ ಹಳೆಯ ಇಂಗಾಲ ಬೆರೆತಿರುವುದರಿಂದ ಇಂದು ಸತ್ತ ಚಿಪ್ಪೂ ಸಾವಿರ ವರ್ಷಕ್ಕಿಂತ ಹಳೆಯದೆಂಬಂತೆ ತೋರುತ್ತದೆ, ಅದನ್ನು ಸರಿಪಡಿಸಿಕೊಳ್ಳಬೇಕು. ಕಳೆದ ನೂರೈವತ್ತು ವರ್ಷಗಳ ಹೂಳಿಗೆ ಸೀಸ-210 ಬಳಸುತ್ತಾರೆ. ಹೆಚ್ಚು ಹಳೆಯ ಪದರಗಳಿಗೆ ಭೂಕಾಂತದ ದಿಕ್ಕು ತಿರುಗುಮುರುಗಾದ ಘಟನೆಗಳೇ ಆಧಾರ. ಕೊನೆಯ ಸಲ ಹಾಗಾದದ್ದು ಸುಮಾರು 7.7 ಲಕ್ಷ ವರ್ಷಗಳ ಹಿಂದೆ. ಹೂಳಿನೊಳಗಿನ ಕಾಂತೀಯ ಕಣಗಳು ಅಂದಿನ ದಿಕ್ಕನ್ನು ಹಾಗೆಯೇ ಉಳಿಸಿಕೊಂಡಿವೆ. ಶ್ಯಾಕಲ್ಟನ್ ಮತ್ತು ನೀಲ್ ಆಪ್‌ಡೈಕ್ 1973ರಲ್ಲಿ ಪೆಸಿಫಿಕ್ ಕೋರ್ ಒಂದರಲ್ಲಿ ಆಮ್ಲಜನಕದ ಏರಿಳಿತವನ್ನೂ ಈ ತಿರುವನ್ನೂ ಒಟ್ಟಿಗೆ ಓದಿದ್ದರಿಂದಲೇ ಹಿಮಾವಧಿಗಳಿಗೆ ನಂಬಬಹುದಾದ ಕಾಲಮಾಪನ ಸಿಕ್ಕಿತು. ಇವುಗಳ ಜೊತೆಗೆ ಜ್ವಾಲಾಮುಖಿಯ ಬೂದಿಪದರಗಳ ಆರ್ಗಾನ್ ವಯಸ್ಸು, ಡಯಾಟಮ್ ಮತ್ತು ಫೊರಾಮಿನಿಫೆರ ಪ್ರಭೇದಗಳು ಹುಟ್ಟಿ ಅಳಿದ ಕ್ರಮ ನೆರವಾಗುತ್ತವೆ.

ಹೂಳು ಹೇಳಿದ ಚರಿತ್ರೆ

ಹಿಮಕ್ಕೆ ಮುಂಚಿನ ಅಂಟಾರ್ಕ್ಟಿಕ ಹಸಿರಾಗಿತ್ತು. 2017ರಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗು ಅಮುಂಡ್ಸನ್ ಸಮುದ್ರದ ತಳದಿಂದ ಎತ್ತಿದ ಸುಮಾರು 9 ಕೋಟಿ ವರ್ಷ ಹಳೆಯ ಮಣ್ಣಿನಲ್ಲಿ ಬೇರುಗಳ ಜಾಲ ಮತ್ತು ಪರಾಗ ಸಿಕ್ಕವು. ತಿಂಗಳುಗಟ್ಟಲೆ ಸೂರ್ಯ ಕಾಣದ ಅಷ್ಟು ದಕ್ಷಿಣದಲ್ಲೂ ತೇವದ ಕಾಡು ಬೆಳೆದಿತ್ತು.

ಸುಮಾರು 3.4 ಕೋಟಿ ವರ್ಷಗಳ ಹಿಂದೆ, ಇಯೊಸೀನ್ ಮುಗಿದು ಒಲಿಗೊಸೀನ್ ಆರಂಭವಾಗುವ ಹೊತ್ತಿಗೆ, ಚಿತ್ರ ಬದಲಾಯಿತು. ಸಮಭಾಜಕ ಪೆಸಿಫಿಕ್‌ನ ಕೋರ್ ಒಂದರಲ್ಲಿ ಹೆಲೆನ್ ಕಾಕ್ಸಲ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದಂತೆ, ಆಮ್ಲಜನಕದ ಅನುಪಾತ ಎರಡು ಮೆಟ್ಟಿಲುಗಳಲ್ಲಿ, ಸುಮಾರು 3 ಲಕ್ಷ ವರ್ಷಗಳೊಳಗೆ ಜಿಗಿಯಿತು. ಅದೇ ಹೊತ್ತಿಗೆ ಸುಣ್ಣದ ಚಿಪ್ಪು ಕರಗದೆ ಉಳಿಯುವ ಆಳದ ಮಿತಿ ಒಂದು ಕಿಲೋಮೀಟರಿಗೂ ಹೆಚ್ಚು ಕೆಳಗಿಳಿಯಿತು. ದಕ್ಷಿಣ ಹಿಂದೂ ಮಹಾಸಾಗರದ ಕೆರ್ಗೆಲೆನ್ ಪ್ರಸ್ಥಭೂಮಿಯ ಹೂಳಿನಲ್ಲಿ ಅದೇ ಕಾಲದ ಹಿಮಬಂಡೆಯ ಮರಳಿದೆ. ಪ್ರಿಡ್ಜ್ ಕೊಲ್ಲಿಯಲ್ಲಿ ಡಯಾಮಿಕ್ಟ್ ಇದೆ. ದೂರದ ಸಾಕ್ಷಿಯೂ ಹತ್ತಿರದ ಸಾಕ್ಷಿಯೂ ಹೀಗೆ ಒಂದೇ ಮಾತನ್ನಾಡಿದವು. ವಾತಾವರಣದ ಇಂಗಾಲದ ಡೈಆಕ್ಸೈಡ್ ಒಂದು ಮಟ್ಟಕ್ಕಿಂತ ಕೆಳಗಿಳಿದದ್ದು ಇದರ ಮುಖ್ಯ ಕಾರಣವೆಂದು ಇಂದು ಹೆಚ್ಚಿನವರು ಒಪ್ಪುತ್ತಾರೆ. ಖಂಡಗಳು ದೂರ ಸರಿದು ಅಂಟಾರ್ಕ್ಟಿಕದ ಸುತ್ತ ಪ್ರವಾಹ ಏರ್ಪಟ್ಟದ್ದರ ಪಾತ್ರವನ್ನೂ ಪರಿಗಣಿಸುತ್ತಾರೆ.

ಮುಂದೆ ಹಿಮ ಒಂದೇ ಸಮನೆ ಬೆಳೆಯಲಿಲ್ಲ. ಪಶ್ಚಿಮ ಅಂಟಾರ್ಕ್ಟಿಕದ ಹಿಮ ಸುಮಾರು 1.7 ಕೋಟಿ ವರ್ಷಗಳ ಹಿಂದೆಯೇ ದೊಡ್ಡದಾಗಿತ್ತೆಂದು 2018ರ ರಾಸ್ ಸಮುದ್ರ ಯಾನದ ಹೂಳು ತೋರಿಸಿದೆ. ನಡುವೆ ಬೆಚ್ಚನೆಯ ಅವಧಿಯೊಂದು ಕಳೆದು, ಸುಮಾರು 1.4 ಕೋಟಿ ವರ್ಷಗಳ ಹಿಂದೆ ಪೂರ್ವ ಅಂಟಾರ್ಕ್ಟಿಕದ ಹಿಮ ಮತ್ತೆ ಹಿಗ್ಗಿ ಸ್ಥಿರಗೊಂಡಿತು. ಉತ್ತರಾರ್ಧಗೋಳದಲ್ಲಿ ಗ್ರೀನ್‌ಲ್ಯಾಂಡಿನ ಆಗ್ನೇಯ ಕಡಲಿನಲ್ಲಿ ಸುಮಾರು 70 ಲಕ್ಷ ವರ್ಷ ಹಳೆಯ ಹಿಮದ ಕಲ್ಲುಗಳು ದೊರೆತಿವೆ. ಆದರೆ ದೊಡ್ಡ ಹಿಮಹಾಸುಗಳ ಸರದಿ ಅಲ್ಲಿ ಶುರುವಾದದ್ದು ಸುಮಾರು 27 ಲಕ್ಷ ವರ್ಷಗಳ ಹಿಂದೆ. ಮೊದಲು 41,000 ವರ್ಷಗಳ ಲಯದಲ್ಲಿ ಬಂದುಹೋಗುತ್ತಿದ್ದ ಹಿಮಾವಧಿಗಳು, ಸುಮಾರು 12 ಲಕ್ಷದಿಂದ 7 ಲಕ್ಷ ವರ್ಷಗಳ ಹಿಂದಿನವರೆಗಿನ ಅವಧಿಯಲ್ಲಿ ಬದಲಾಗಿ, ಸರಿಸುಮಾರು 1 ಲಕ್ಷ ವರ್ಷಗಳ ದೀರ್ಘ, ತೀವ್ರ ಆವರ್ತಗಳಾದವು. ಖಗೋಳದ ಲಯ ಬದಲಾಗದಿದ್ದರೂ ಹಿಮದ ಲಯ ಏಕೆ ಬದಲಾಯಿತೆಂಬುದು ಈ ಕ್ಷೇತ್ರದ ಬಹುಚರ್ಚಿತ ಪ್ರಶ್ನೆ. ಕೊನೆಯ ಹಿಮಾವಧಿ ಉತ್ತುಂಗಕ್ಕೇರಿದಾಗ ಸಮುದ್ರಮಟ್ಟ ಇಂದಿಗಿಂತ 120 ಮೀಟರಿಗೂ ಹೆಚ್ಚು ಕೆಳಗಿತ್ತು. ಭಾರತದ ಪಶ್ಚಿಮ ಕರಾವಳಿಯ ಖಂಡಾವರಣದ ಬಹುಭಾಗ ಆಗ ಒಣನೆಲ.

ಸಾಕ್ಷ್ಯಗಳ ಮಿತಿ ಮತ್ತು ವಿವಾದಗಳು

ಪ್ರತಿ ಸಾಕ್ಷ್ಯಕ್ಕೂ ತನ್ನದೇ ಕುರುಡು ಮೂಲೆ ಉಂಟು. ಹಿಮದಂಚಿನ ಕೋರ್‌ಗಳಲ್ಲಿ ಹಿಮವೇ ಉಜ್ಜಿಹಾಕಿದ ಲಕ್ಷಗಟ್ಟಲೆ ವರ್ಷಗಳ ತೆರಪುಗಳಿರುತ್ತವೆ. ಹಿಮಬಂಡೆಯ ಮರಳು ಹೆಚ್ಚಿದರೆ ಅದು ಹಿಮ ಬೆಳೆದ ಗುರುತೂ ಆಗಬಹುದು, ಕುಸಿದ ಗುರುತೂ ಆಗಬಹುದು. ನೀರಿನ ಉಷ್ಣತೆ ಬದಲಾಗಿ ಹಿಮಬಂಡೆಗಳು ಕರಗುವ ಜಾಗ ಸರಿದಿರಲೂಬಹುದು. ತಳದ ಹುಳುಹುಪ್ಪಟೆಗಳು ಹೂಳನ್ನು ಕಲಸಿ ಕೆಲವು ಶತಮಾನಗಳನ್ನು ಒಂದರೊಳಗೊಂದು ಬೆರೆಸಿಬಿಡುತ್ತವೆ.

ಭಿನ್ನಾಭಿಪ್ರಾಯಗಳೂ ಫಲ ಕೊಟ್ಟಿವೆ. ಕುಕ್ ತಂಡದ ಹೂಳು ಪೂರ್ವ ಅಂಟಾರ್ಕ್ಟಿಕದ ಹಿಮ ಹಿಂದೆ ಸರಿದಿತ್ತೆಂದರೆ, ಜೆರೆಮಿ ಶಾಕುನ್ ಮತ್ತು ಸಂಗಡಿಗರು 2018ರಲ್ಲಿ ಆಂಡ್ರಿಲ್ ಕೋರ್‌ನ ಮರಳಿನಲ್ಲಿ ಬೆರಿಲಿಯಮ್-10 ಅಳೆದು ಬೇರೆಯೇ ಮಾತು ಹೇಳಿದರು. ಬಾಹ್ಯಾಕಾಶದ ಕಿರಣಗಳು ತಾಗಿದ ಬಯಲು ಶಿಲೆಯಲ್ಲಿ ಹುಟ್ಟುವ ಈ ಐಸೋಟೋಪು ಅಲ್ಲಿ ಅತ್ಯಲ್ಪವಾಗಿತ್ತು. ಎಂದರೆ ಕಳೆದ 80 ಲಕ್ಷ ವರ್ಷಗಳಲ್ಲಿ ಆ ಮರಳು ಬಂದ ನೆಲ ಬಹುಮಟ್ಟಿಗೆ ಹಿಮದಡಿಯೇ ಇತ್ತು. ಎರಡೂ ನಿಜವಾಗಲು ಅಡ್ಡಿಯಿಲ್ಲ. ಸಮುದ್ರಮಟ್ಟಕ್ಕಿಂತ ಮೇಲಿನ ನೆಲದ ಮೇಲೆ ಕೂತ ಹಿಮ ಗಟ್ಟಿ. ಸಮುದ್ರಮಟ್ಟಕ್ಕಿಂತ ಕೆಳಗಿನ ತಗ್ಗುಗಳಲ್ಲಿ ಕೂತ ಹಿಮಕ್ಕೆ ಬೆಚ್ಚನೆಯ ನೀರು ಅಡಿಯಿಂದ ತಾಗುವುದರಿಂದ ಅದು ದುರ್ಬಲ.

ಭಾರತದ ನಂಟು

1976ರ ಮೈಲಿಗಲ್ಲಿನ ಕೋರ್‌ಗಳೂ ಕೆರ್ಗೆಲೆನ್‌ನ ಹೂಳೂ ಹಿಂದೂ ಮಹಾಸಾಗರದವೇ. ಗೊಂಡ್ವಾನ ಒಡೆಯುವ ಮುನ್ನ ಭಾರತದ ಪೂರ್ವತೀರ ಮತ್ತು ಪೂರ್ವ ಅಂಟಾರ್ಕ್ಟಿಕ ಒಂದಕ್ಕೊಂದು ಅಂಟಿಕೊಂಡಿದ್ದವು. ಮಹಾನದಿಯ ಕಣಿವೆಯೂ ಪ್ರಿಡ್ಜ್ ಕೊಲ್ಲಿಗೆ ಹಿಮ ಹರಿಸುವ ಲ್ಯಾಂಬರ್ಟ್ ಕಣಿವೆಯೂ ಒಂದೇ ಪುರಾತನ ಬಿರುಕಿನ ಎರಡು ತುಂಡುಗಳೆಂದು ಅನೇಕ ಭೂವಿಜ್ಞಾನಿಗಳು ಭಾವಿಸುತ್ತಾರೆ. ಆ ಕೊಲ್ಲಿಯ ದಡದ ಲಾರ್ಸ್‌ಮನ್ ಗುಡ್ಡಗಳಲ್ಲೇ ಭಾರತದ ಭಾರತಿ ನೆಲೆ 2012ರಿಂದ ಕೆಲಸ ಮಾಡುತ್ತಿದೆ. ಗೋವದ ವಾಸ್ಕೊದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನ ಕೇಂದ್ರ ಅಂಟಾರ್ಕ್ಟಿಕ ಯಾನಗಳನ್ನೂ ದಕ್ಷಿಣ ಸಾಗರದ ಅಧ್ಯಯನವನ್ನೂ ನಡೆಸುತ್ತದೆ.

ಇಂದಿನ ಮಹತ್ವ

ಅಂಟಾರ್ಕ್ಟಿಕದ ಹಿಮವೆಲ್ಲ ಕರಗಿದರೆ ಸಮುದ್ರಮಟ್ಟ ಸುಮಾರು 58 ಮೀಟರ್, ಗ್ರೀನ್‌ಲ್ಯಾಂಡಿನದು ಕರಗಿದರೆ ಸುಮಾರು 7 ಮೀಟರ್ ಏರುತ್ತದೆ. ಅಷ್ಟೂ ಕರಗುವ ಭಯ ಸದ್ಯಕ್ಕಿಲ್ಲ. ಎಷ್ಟು ಭಾಗ, ಎಷ್ಟು ಬೇಗ ಎಂಬುದೇ ಪ್ರಶ್ನೆ. ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಇಂದು ಹತ್ತು ಲಕ್ಷಕ್ಕೆ 420 ಭಾಗಗಳನ್ನು ಮೀರಿದೆ. ಪ್ಲಯೊಸೀನ್ ಯುಗದ ಬೆಚ್ಚನೆಯ ಕಾಲದಲ್ಲಿ ಅದು ಸುಮಾರು 400ರಷ್ಟಿತ್ತು. ಆಗಲೇ ರಾಸ್ ಸಮುದ್ರದಲ್ಲಿ ಡಯಾಟಮ್ ಬೆಳೆದದ್ದು, ವಿಲ್ಕ್ಸ್ ತಗ್ಗಿನ ಶಿಲೆ ಸವೆದದ್ದು. ಪೈನ್ ಐಲೆಂಡ್ ಹಿಮನದಿಯ ಚಾಚಿನಡಿಯಿಂದ ತೆಗೆದ ಹೂಳು, ಅದರ ಈಗಿನ ಹಿಂಜರಿತ 1940ರ ದಶಕದಲ್ಲೇ ಆರಂಭವಾಗಿತ್ತೆಂದು 2017ರಲ್ಲಿ ತೋರಿಸಿತು. ಒಮ್ಮೆ ತಳ ಬಿಟ್ಟ ಹಿಮ ಮರಳಿ ನೆಲೆಗೊಂಡಿಲ್ಲ.

ಹಿಮ ಎಲ್ಲಿ ಕರಗುತ್ತದೆಂಬುದೂ ಎಷ್ಟು ಕರಗುತ್ತದೆಂಬುದರಷ್ಟೇ ಮುಖ್ಯ. ಹಿಮಹಾಸು ತನ್ನ ಗುರುತ್ವದಿಂದ ಸುತ್ತಲಿನ ನೀರನ್ನು ತನ್ನತ್ತ ಸೆಳೆದಿಟ್ಟಿರುತ್ತದೆ; ಅದು ಕುಗ್ಗಿದಾಗ ಆ ನೀರು ದೂರಕ್ಕೆ ಹೋಗುತ್ತದೆ. ಆದ್ದರಿಂದ ಪಶ್ಚಿಮ ಅಂಟಾರ್ಕ್ಟಿಕದ ಹಿಮ ಕರಗಿದರೆ ಅದರ ಬುಡದಲ್ಲಿ ಸಮುದ್ರಮಟ್ಟ ಇಳಿದು, ಉತ್ತರಾರ್ಧಗೋಳದ ದೂರದ ತೀರಗಳಲ್ಲಿ ಸರಾಸರಿಗಿಂತ ಹೆಚ್ಚು ಏರುತ್ತದೆ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಗೆ ಯಾವ ಹಿಮ ಮೊದಲು ಜಾರೀತೆಂಬುದು ಬಹಳ ಹತ್ತಿರದ ಪ್ರಶ್ನೆ. ಜಾಯ್ಡಿಸ್ ರೆಸೊಲ್ಯೂಷನ್ ನಿವೃತ್ತವಾದ ಮೇಲೆ ಅದರ ಜಾಗವನ್ನು ತುಂಬುವ ಕೊರೆತ ಹಡಗುಗಳಿಗೂ ಹಿಮಚಾಚಿನ ಮೇಲಿಂದ ಕೊರೆಯುವ ಯೋಜನೆಗಳಿಗೂ ದೇಶಗಳು ಕೂಡಿ ಹಣ ಹೂಡಬೇಕಾದದ್ದು ಇದಕ್ಕಾಗಿಯೇ. ಗಣಕದ ಮಾದರಿಗಳು ಮುಂದಿನ ಶತಮಾನಗಳನ್ನು ಅಂದಾಜಿಸಬಲ್ಲವು. ಆ ಅಂದಾಜು ಸರಿಯೇ ಎಂದು ಒರೆಗೆ ಹಚ್ಚಿ ನೋಡಲು, ಭೂಮಿ ಹಿಂದೊಮ್ಮೆ ಇಷ್ಟೇ ಬೆಚ್ಚಗಿದ್ದಾಗ ಹಿಮ ನಿಜವಾಗಿ ಏನಾಯಿತೆಂಬ ದಾಖಲೆ ಬೇಕು. ಆ ದಾಖಲೆಯ ಬಹುಪಾಲು ಇನ್ನೂ ಕೊರೆಯದ ಹೂಳಿನಲ್ಲೇ ಇದೆ.